ಚಿತ್ರಕಥೆ ಬರೆಯುವವರ ಆರು ವಾರದ ಸಂಬಳ

ಕಳೆದ ಮಳೆಗಾಲದಲ್ಲಿ ನನ್ನ ಫೋನಿಗೆ ಒಂದು ಪೋಸ್ಟರ್ ಬಂತು. ಮಂಜು ಕವಿದ ಕಾಫಿ ತೋಟದ ಚಿತ್ರ. ಅದರ ಮೇಲೆ ದೊಡ್ಡ ಅಕ್ಷರದಲ್ಲಿ, ಚಿತ್ರಕಥೆಗಾರರಿಗೆ ಕೊಡಗಿನಲ್ಲಿ 10 ದಿನದ ರೆಸಿಡೆನ್ಸಿ ಫೆಲೋಶಿಪ್ ಎಂದಿತ್ತು. ನಮ್ಮ ಜಿಲ್ಲೆಗೆ ಇಂಥದ್ದೊಂದು ಬರಲಿ ಅಂತ ಬಹಳ ವರ್ಷದಿಂದ ಆಸೆ ಇಟ್ಟುಕೊಂಡವನು ನಾನು. ಖುಷಿಯಿಂದಲೇ ಓದಿದೆ. ಕೊನೆಯ ಸಾಲಿಗೆ ಬಂದಾಗ ಮನಸ್ಸು ಕುಗ್ಗಿತು. ಬರೆಯಲು ಬರುವವರೇ ಸಾವಿರಾರು ರೂಪಾಯಿ ಕಟ್ಟಬೇಕಿತ್ತು.

ಅದನ್ನು ವಿರಾಜಪೇಟೆಯ ಗೆಳೆಯನಿಗೆ ಕಳಿಸಿದೆ. ಅವನು ಎರಡು ಸಿನಿಮಾಗೆ ಡೈಲಾಗ್ ಬರೆದಿದ್ದಾನೆ. ಟೈಟಲ್ ಕಾರ್ಡಿನಲ್ಲಿ ಹೆಸರು ಬಂದದ್ದು ಒಂದರಲ್ಲಿ ಮಾತ್ರ. ಈಗ ಅಂಗಡಿ ನೋಡಿಕೊಳ್ಳುತ್ತಾನೆ, ರಾತ್ರಿ ಬರೆಯುತ್ತಾನೆ. "ಅಷ್ಟು ದುಡ್ಡು ಕೈಯಲ್ಲಿದ್ದರೆ ಒಂದು ತಿಂಗಳು ಅಂಗಡಿಗೆ ಆಳು ಇಟ್ಟು ಮನೆಯಲ್ಲೇ ಕೂತು ಬರೀತಿದ್ದೆ ಮಾರಾಯ" ಅಂದ.

ಈ ಮಾತಿನಲ್ಲಿ ಇಡೀ ವಿಷಯ ಇದೆ. ಹೆಸರುಗಳನ್ನು ಮೊದಲು ಬಿಡಿಸಿಕೊಳ್ಳೋಣ. ರೆಸಿಡೆನ್ಸಿ ಅಂದರೆ ಇರಲು ಜಾಗ. ರೂಮು, ಊಟ, ಯಾರೂ ಬಾಗಿಲು ತಟ್ಟದ ಹಗಲು. ಫೆಲೋಶಿಪ್ ಅಂದರೆ ದುಡ್ಡು, ಬರೆಯುವಷ್ಟು ದಿನ ಮನೆ ನಡೆಯಲಿ ಅಂತ ಕೊಡುವುದು. ಲ್ಯಾಬ್ ಅಂದರೆ ಓದುವವರು. ಅನುಭವ ಇರುವ ಬರಹಗಾರರು ನಿಮ್ಮ ಡ್ರಾಫ್ಟ್ ಓದಿ, ಎದುರು ಕೂತು, ಕಥೆ ಎಲ್ಲಿ ಸೋರುತ್ತಿದೆ ಅಂತ ತೋರಿಸುತ್ತಾರೆ. ಮೂರೂ ಒಂದೇ ಕಡೆ ಸಿಕ್ಕಿದರೆ ಬರಹಗಾರರ ಪುಣ್ಯ. ಇನ್ನು ನನಗೆ ಬಂದ ಪೋಸ್ಟರಿನಲ್ಲಿ ಇದ್ದದ್ದು ರಿಟ್ರೀಟ್. ಅಲ್ಲಿ ಬರೆಯುವವರು ಗಿರಾಕಿ. ದುಡ್ಡಿರುವವರು ಹೋಗಲಿ, ತಪ್ಪೇನಿಲ್ಲ. ಆದರೆ ಅದಕ್ಕೆ ಫೆಲೋಶಿಪ್ ಅಂತ ಹೆಸರಿಟ್ಟರೆ, ಸಾಲ ಮಾಡಿ ಹೋಗುವ ಹುಡುಗರು ಇದ್ದಾರೆ. ನನ್ನ ಸಿಟ್ಟು ಅದಕ್ಕೆ.

ಈ ಪದ್ಧತಿ ಹೊಸದೇನಲ್ಲ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಕಾಡಿನಲ್ಲಿ ಮ್ಯಾಕ್‌ಡೊವೆಲ್ ಎಂಬ ಜಾಗ 1907ರಿಂದ ನಡೆಯುತ್ತಿದೆ. ಸಂಗೀತಗಾರರು, ಚಿತ್ರಕಾರರು, ಸಾಹಿತಿಗಳ ಜೊತೆ ಸಿನಿಮಾದವರೂ ಅಲ್ಲಿಗೆ ಹೋಗುತ್ತಾರೆ. ಮಧ್ಯಾಹ್ನದ ಊಟವನ್ನು ಬುಟ್ಟಿಯಲ್ಲಿಟ್ಟು ಬಾಗಿಲ ಹೊರಗೆ ಬಿಟ್ಟು ಹೋಗುವುದು ಅಲ್ಲಿನ ರೂಢಿ. ಕರೆಯದೆ ಒಬ್ಬರ ಸ್ಟುಡಿಯೋಗೆ ಇನ್ನೊಬ್ಬರು ಹೋಗುವ ಹಾಗಿಲ್ಲ. ನಮ್ಮ ಕೊಡಗಿನ ಮನೆಗಳಿಗೆ ಇದು ಕಷ್ಟದ ನಿಯಮ. ನೆಂಟರು ಬಂದರೆ ಅರ್ಧ ಗಂಟೆಗೊಮ್ಮೆ ಕಾಫಿ ಬೇಕಾ ಅಂತ ಕೇಳುವುದು ನಮ್ಮ ಪ್ರೀತಿ. ಬರೆಯುವವರ ಮೇಲಿನ ಪ್ರೀತಿಯನ್ನು ಬಾಗಿಲ ಹೊರಗೆ ಬುಟ್ಟಿ ಇಟ್ಟು ತೋರಿಸುವುದನ್ನು ನಾವು ಕಲಿಯಬೇಕಾಗುತ್ತದೆ.

ಚಿತ್ರಕಥೆಯ ಲ್ಯಾಬ್‌ಗಳಲ್ಲಿ ಸನ್‌ಡಾನ್ಸ್ ಸಂಸ್ಥೆಯ ಹೆಸರು ದೊಡ್ಡದು. ನಟ ರಾಬರ್ಟ್ ರೆಡ್‌ಫೋರ್ಡ್ 1981ರಲ್ಲಿ ಯೂಟಾದ ಬೆಟ್ಟಗಳಲ್ಲಿ ಅದನ್ನು ಕಟ್ಟಿದರು. ಆ ಸಂಸ್ಥೆಯ ಚಿತ್ರಕಥೆ ಲ್ಯಾಬ್ ಸುಮಾರು ಐದು ದಿನದ್ದು. ದಿನ ಕಡಿಮೆ, ಓದು ಜಾಸ್ತಿ. ಬೇರೆ ಬೇರೆ ಸಲಹೆಗಾರರು ಒಂದೇ ಸ್ಕ್ರಿಪ್ಟ್ ಓದಿ ಒಬ್ಬೊಬ್ಬರಾಗಿ ಕೂತು ಮಾತಾಡುತ್ತಾರೆ. ಒಬ್ಬರ ಮಾತಿಗೂ ಇನ್ನೊಬ್ಬರ ಮಾತಿಗೂ ತಾಳೆಯಾಗದೆ ಹೋಗಬಹುದು. ಆ ಗೊಂದಲದಲ್ಲೇ ಬರೆದವರಿಗೆ ತಮಗೆ ಬೇಕಾದದ್ದು ಏನು ಅಂತ ಹೊಳೆಯುತ್ತದೆ.

ಕಾನ್ ಚಿತ್ರೋತ್ಸವದವರದ್ದು ಬೇರೆ ದಾರಿ. 2000ದಲ್ಲಿ ಶುರುವಾದ ಅವರ ರೆಸಿಡೆನ್ಸಿಯಲ್ಲಿ ಮೊದಲ ಅಥವಾ ಎರಡನೇ ಸಿನಿಮಾ ಬರೆಯುವವರಿಗೆ ಪ್ಯಾರಿಸ್‌ನಲ್ಲಿ ನಾಲ್ಕೂವರೆ ತಿಂಗಳು ಮನೆ ಮತ್ತು ಖರ್ಚಿಗೆ ಹಣ ಕೊಡುತ್ತಾರೆ. ನಿರ್ದೇಶಕಿ ಪಾಯಲ್ ಕಪಾಡಿಯಾ 2019ರಲ್ಲಿ ಅಲ್ಲಿದ್ದರು. ಆಗ ಅವರ ಕೈಯಲ್ಲಿದ್ದ ಕಥೆ ಸಿನಿಮಾ ಆಗಿ 2024ರಲ್ಲಿ ಕಾನ್‌ನಲ್ಲಿ ಎರಡನೇ ದೊಡ್ಡ ಪ್ರಶಸ್ತಿಯಾದ ಗ್ರಾಂ ಪ್ರಿ ಗೆದ್ದಿತು. ಮಧ್ಯದಲ್ಲಿ ಐದು ವರ್ಷ ಕಳೆದಿದೆ, ಗಮನಿಸಿ. ಮುಂಬೈನಲ್ಲಿರುವ ಮಲಯಾಳಿ ನರ್ಸ್‌ಗಳ ಆ ಕಥೆಯ ಮಾತು ಬಹುಪಾಲು ಮಲಯಾಳಂ, ಅದು ಅವರ ತಾಯ್ನುಡಿಯಲ್ಲ. ಒಂದು ಪಾತ್ರದ ಬಾಯಿಯ ಭಾಷೆಯನ್ನು ಕಲಿಯಲು, ಅದನ್ನು ಬಲ್ಲವರ ಜೊತೆ ಕೂರಲು ದಿನಗಳು ಬೇಕು. ಗಾಂಧಿನಗರದ ಅವಸರದಲ್ಲಿ ಆ ದಿನಗಳು ಸಿಗುವುದಿಲ್ಲ.

ಇನ್ನೊಂದು ಮಾದರಿಯೂ ಇದೆ, ಅದನ್ನು ನಮ್ಮಲ್ಲಿ ಯಾರೂ ಜಾಸ್ತಿ ಹೇಳುವುದಿಲ್ಲ. ಆಸ್ಕರ್ ಪ್ರಶಸ್ತಿ ಕೊಡುವ ಅಕಾಡೆಮಿ 1986ರಿಂದ ನಿಕೋಲ್ ಫೆಲೋಶಿಪ್ ಕೊಡುತ್ತಿದೆ. ವರ್ಷಕ್ಕೆ ಹೆಚ್ಚೆಂದರೆ ಐದು ಜನಕ್ಕೆ, ತಲಾ 35,000 ಡಾಲರ್. ಸ್ಕ್ರಿಪ್ಟ್ ಇಂಗ್ಲಿಷಿನಲ್ಲೇ ಇರಬೇಕು, ಹಾಗಾಗಿ ನಮ್ಮವರಿಗೆ ಅದು ದೂರ. ಆದರೆ ಅದು ನಡೆಯುವ ರೀತಿ ನೋಡಿ. ಎಲ್ಲಿಗೂ ಹೋಗಿ ಇರಬೇಕಿಲ್ಲ. ಇದ್ದಲ್ಲೇ ಇದ್ದು ಆ ವರ್ಷ ಹೊಸ ಚಿತ್ರಕಥೆ ಒಂದನ್ನು ಬರೆಯಬೇಕು, ಹಣ ಕಂತಿನಲ್ಲಿ ಬರುತ್ತದೆ. ನನ್ನ ಗೆಳೆಯ ಕೇಳಿದ್ದೂ ಇದನ್ನೇ ಅಲ್ವಾ?

ಭಾರತದಲ್ಲಿ ಎನ್‌ಎಫ್‌ಡಿಸಿ, ಅಂದರೆ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮ, 2007ರಲ್ಲಿ ಚಿತ್ರಕಥೆ ಲ್ಯಾಬ್ ಶುರು ಮಾಡಿತು. ಸಿನಿಮಾ ಮಾಡುವವರು, ಕೊಳ್ಳುವವರು ಸೇರುವ ಗೋವಾದ ಫಿಲ್ಮ್ ಬಜಾರ್ ಶುರುವಾದದ್ದೂ ಅದೇ ವರ್ಷ. ಅಲ್ಲಿಂದ ಒಳ್ಳೆಯ ಸಿನಿಮಾಗಳು ಬಂದಿವೆ. ಆದರೆ ಇಡೀ ದೇಶದಿಂದ ಆರಿಸುವುದು ಬೆರಳೆಣಿಕೆಯಷ್ಟು ಸ್ಕ್ರಿಪ್ಟ್. ಅದರಲ್ಲಿ ಕನ್ನಡಕ್ಕೆ ಎಷ್ಟು ಜಾಗ ಸಿಗಬಹುದು, ಕೊಡಗಿನ ನುಡಿಗಳಾದ ಕೊಡವ ತಕ್ಕಿಗೆ, ಅರೆಭಾಷೆಗೆ ಎಷ್ಟು?

ಕನ್ನಡದಲ್ಲಿ ಚಿತ್ರಕಥೆ ಹೇಗೆ ಹುಟ್ಟುತ್ತದೆ ಅನ್ನುವುದನ್ನು ಇಲ್ಲಿ ಹೇಳಲೇಬೇಕು. ಮೊದಲು ನರೇಶನ್. ನಿರ್ಮಾಪಕರ ಎದುರು ಕೂತು ಕಥೆ ಹೇಳುವುದು. ಒಪ್ಪಿದರೆ ಸಣ್ಣ ಅಡ್ವಾನ್ಸ್. ಆಮೇಲೆ ಒನ್ ಲೈನ್ ಆರ್ಡರ್, ಅಂದರೆ ಸೀನಿಗೊಂದು ಸಾಲಿನಂತೆ ಇಡೀ ಸಿನಿಮಾದ ಪಟ್ಟಿ. ಆಮೇಲೆ ಡೈಲಾಗ್ ವರ್ಷನ್. ಉಳಿದ ದುಡ್ಡು ಶೂಟಿಂಗ್ ಶುರುವಾದಾಗ, ಇಲ್ಲವೇ ಮುಗಿದಾಗ. ಹೀರೋ ಡೇಟ್ಸ್ ಸಿಗದೆ ಸಿನಿಮಾ ನಿಂತರೆ ಬರೆದವರಿಗೆ ಅಡ್ವಾನ್ಸ್ ಬಿಟ್ಟು ಬೇರೇನೂ ಇಲ್ಲ. ಎರಡನೇ ಡ್ರಾಫ್ಟ್, ಮೂರನೇ ಡ್ರಾಫ್ಟ್ ಎಲ್ಲ ಬಿಟ್ಟಿ ಕೆಲಸ. ಒಳ್ಳೆಯ ಚಿತ್ರಕಥೆ ಆಗುವುದು ಆ ಮೂರನೇ ಡ್ರಾಫ್ಟಿನಲ್ಲೇ.

ಸರ್ಕಾರದ ಸಹಾಯಧನವೂ ಇದೆ. ಕೊಡವ, ತುಳು, ಕೊಂಕಣಿಯಂಥ ಭಾಷೆಗಳ ಸಿನಿಮಾಗಳಿಗೂ ಅದು ಸಿಗುತ್ತದೆ, ಒಳ್ಳೆಯದೇ. ಆದರೆ ಆ ದುಡ್ಡು ಬರುವುದು ಸಿನಿಮಾ ಮುಗಿದು ಸೆನ್ಸಾರ್ ಆದ ಮೇಲೆ. ಹೋಗುವುದು ನಿರ್ಮಾಪಕರಿಗೆ. ಬರೆಯುವ ಹಂತಕ್ಕೆ ಒಂದು ಪೈಸೆ ಇಲ್ಲ. ಬಿತ್ತನೆಗೆ ಸಾಲ ಕೊಡದೆ ಕೊಯ್ಲಿನ ದಿನ ಬಹುಮಾನ ಕೊಟ್ಟ ಹಾಗೆ.

ಇನ್ನು ನಮ್ಮ ಜಿಲ್ಲೆ. ಕೊಡಗು ಸಿನಿಮಾಕ್ಕೆ ಹೊಸ ಊರೇನಲ್ಲ. 2006ರ 'ಮುಂಗಾರು ಮಳೆ' ಮಡಿಕೇರಿಯನ್ನು ಇಡೀ ಕರ್ನಾಟಕದ ಕಣ್ಣಿಗೆ ತುಂಬಿತು. ಮಾಂದಲಪಟ್ಟಿಗೆ ಇವತ್ತು ಜೀಪುಗಳು ಸಾಲುಗಟ್ಟಿ ಹೋಗುವುದರ ಹಿಂದೆ ಸಿನಿಮಾದ ಕೈ ಇದೆ. ಆದರೆ ಆ ಚಿತ್ರಗಳಲ್ಲಿ ನಮ್ಮ ಮಳೆ ಹಾಡಿನ ಮಳೆ. ನಾವು ಮಳೆಯನ್ನು ಇಂಚಿನಲ್ಲಿ ಅಳೆಯುವ ಜನ. ಬೆಳಿಗ್ಗೆ ಎದ್ದರೆ "ನಿಮ್ಮಲ್ಲಿ ಎಷ್ಟು ಇಂಚು?" ಅಂತ ಫೋನಿನಲ್ಲಿ ಕೇಳುತ್ತೇವೆ. ಭಾಗಮಂಡಲದ ಕಡೆ ವರ್ಷಕ್ಕೆ 200 ಇಂಚು ದಾಟುವುದು ಹೊಸದಲ್ಲ. ಕುಶಾಲನಗರಕ್ಕೆ ಬಂದರೆ ಅದರ ಕಾಲು ಭಾಗವೂ ಇರುವುದಿಲ್ಲ. ಇಷ್ಟು ಸಣ್ಣ ಜಿಲ್ಲೆಯೊಳಗೆ ಎಷ್ಟೊಂದು ಬೇರೆ ಬೇರೆ ಬದುಕು.

ಬರೆಯದೆ ಉಳಿದ ಕಥೆಗಳು ಎಷ್ಟಿವೆ ಅಂತ ಯೋಚಿಸಿದರೆ ಹೊಟ್ಟೆ ಉರಿಯುತ್ತದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದಲ್ಲಿ ಬೆಟ್ಟ ಜಾರಿದ ರಾತ್ರಿಗಳು. 2016ರಲ್ಲಿ ದಿಡ್ಡಳ್ಳಿಯಲ್ಲಿ ಗುಡಿಸಲು ಕಳೆದುಕೊಂಡ ಆದಿವಾಸಿಗಳ ದಿನಗಳು. ಕುಟುಂಬದ ಹಿರಿಯರ ಮೂಲಮನೆಯಾದ ಐನ್‌ಮನೆಯ ಬೀಗದ ಕೈ ಯಾರ ಹತ್ತಿರ ಇರಬೇಕು ಅನ್ನುವ ಜಗಳ. ರೋಬಸ್ಟಾ ಕಾಫಿ ಕೊಯ್ಲಿಗೆ ಅಸ್ಸಾಮಿನಿಂದ ಬಂದು ತೋಟದ ಕಾರ್ಮಿಕರ ಲೈನ್ ಮನೆಯಲ್ಲಿ ಸಂಸಾರ ಹೂಡಿದವರು. ಆನೆ ಬಂದಿದೆ ಅಂತ ವಾಟ್ಸಾಪ್‌ನಲ್ಲಿ ಸುದ್ದಿ ಬಂದ ಮೇಲೆ ಮಕ್ಕಳನ್ನು ಶಾಲೆಗೆ ಬಿಡಲು ಹೋಗುವ ತಾಯಂದಿರು. ಹೊರಗಿನಿಂದ ವಾರಕ್ಕೆ ಬಂದವರು ಇವನ್ನು ಬರೆಯಲಾರರು ಅಂತಲ್ಲ. ಇವನ್ನು ಬದುಕಿದವರಿಗೆ ಬರೆಯಲು ಯಾರೂ ಬಿಡುವು ಕೊಟ್ಟಿಲ್ಲ ಅನ್ನುವುದು ನನ್ನ ನೋವು.

ಬದುಕಿದವರು ಬರೆದರೆ ಏನಾಗುತ್ತದೆ ಅಂತ ಕನ್ನಡಕ್ಕೆ ಈಗಾಗಲೇ ಗೊತ್ತು. ಮಂಡ್ಯ ಕಡೆಯ ನೊದೆಕೊಪ್ಪಲಿನ ಈರೇಗೌಡರು ರಾಮ್ ರೆಡ್ಡಿ ಜೊತೆ ಸೇರಿ ತಮ್ಮ ಊರನ್ನೇ ಬರೆದರು. ಊರಿನವರೇ ನಟಿಸಿದರು. ಆ ಸಿನಿಮಾ, 'ತಿಥಿ', 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದ ಹೊಸ ನಿರ್ದೇಶಕರ ವಿಭಾಗದಲ್ಲಿ ಗೋಲ್ಡನ್ ಲೆಪರ್ಡ್ ಪಡೆಯಿತು. ಅದರ ಒಂದೊಂದು ಬೈಗುಳಕ್ಕೂ ಆ ಮಣ್ಣಿನ ವಾಸನೆ ಇದೆ. ಕೊಡಗಿಗೆ ಅಂಥದ್ದೊಂದು ಬೇಕು. ಕಥೆ ಹೇಳುವ ಕಸುವು ಇಲ್ಲಿ ಹಿಂದಿನಿಂದಲೂ ಇದೆ. ಹರದಾಸ ಅಪ್ಪಚ್ಚ ಕವಿ ಕೊಡವ ತಕ್ಕಿನಲ್ಲಿ ನಾಟಕ ಬರೆದರು. ಕೊಡಗಿನ ಗೌರಮ್ಮ ಮೂವತ್ತು ತುಂಬುವ ಮೊದಲೇ ತೀರಿಹೋದರು, ಆದರೂ ಕನ್ನಡ ಸಣ್ಣಕಥೆಯಲ್ಲಿ ಅವರ ಜಾಗ ಗಟ್ಟಿ.

ಹಾಗಾದರೆ ಇಲ್ಲಿ ರೆಸಿಡೆನ್ಸಿ ಮಾಡಿದರೆ ಹೇಗಿರಬೇಕು? ಮೊದಲ ಪ್ರಶ್ನೆ ಯಾವ ತಿಂಗಳು ಅನ್ನುವುದು. ಪೋಸ್ಟರ್ ಮಾಡುವವರಿಗೆ ಜುಲೈ ಇಷ್ಟ. ಮಳೆ ಇದೆ, ಹೋಂಸ್ಟೇ ರೂಮುಗಳು ಖಾಲಿ, ಬಾಡಿಗೆ ಕಡಿಮೆ. ಆದರೆ ಜುಲೈ, ಆಗಸ್ಟ್‌ನಲ್ಲಿ ಗಾಳಿಗೆ ಮರ ಬಿದ್ದರೆ ಎರಡು ಮೂರು ದಿನ ಕರೆಂಟ್ ಇರುವುದಿಲ್ಲ. ನೆಟ್‌ವರ್ಕ್ ಹೋಗುತ್ತದೆ. ಕೆಲವು ಕಡೆ ಗುಡ್ಡದ ಭಯ ನಿಜವಾದ ಭಯ. 2018ನ್ನು ಕಂಡ ಯಾರೂ ಅದನ್ನು ಸುಮ್ನೆ ಪಕ್ಕಕ್ಕೆ ಸರಿಸುವುದಿಲ್ಲ. ಜೊತೆಗೆ ಕಕ್ಕಡ ಅಂದರೆ ಇಲ್ಲಿನವರಿಗೆ ಗದ್ದೆ ಕೆಲಸದ ತಿಂಗಳು. ನಾಟಿ ಬಿಟ್ಟು ಯಾರು ಬಂದು ಕೂರುತ್ತಾರೆ?

ನನ್ನ ಲೆಕ್ಕದಲ್ಲಿ ಸರಿಯಾದ ಸಮಯ ಕೈಲ್‌ಪೊಳ್ದ್ ಆದ ಮೇಲೆ. ಸೆಪ್ಟೆಂಬರ್ ಮೊದಲ ವಾರ ಆ ಹಬ್ಬ ಬರುತ್ತದೆ. ನಾಟಿ ಮುಗಿದಿರುತ್ತದೆ, ಮಳೆ ಇಳಿಮುಖ. ಅಲ್ಲಿಂದ ಸುಗ್ಗಿ ಹಬ್ಬ ಹುತ್ತರಿವರೆಗೆ, ಕಾಫಿ ಕೊಯ್ಲಿನ ಗಡಿಬಿಡಿ ಶುರುವಾಗುವ ಮೊದಲು, ಸ್ವಲ್ಪ ಉಸಿರು ಬಿಡಲು ಸಮಯ ಇರುತ್ತದೆ. ಮಡಿಕೇರಿ ದಸರಾ ವಾರದಲ್ಲಿ ಮಾತ್ರ ರೂಮು ಸಿಗುವುದಿಲ್ಲ, ಗಲಾಟೆಯೂ ಜಾಸ್ತಿ. ಆ ವಾರ ಎಲ್ಲರೂ ಮನೆಗೆ ಹೋಗಿ ಬರಲಿ. ಬರೆದದ್ದನ್ನು ಒಂದು ವಾರ ಮುಟ್ಟದೆ ಇಡುವುದೂ ಒಳ್ಳೆಯದೇ.

ಎರಡನೆಯದು ಭಾಷೆ. 2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ ಸುಮಾರು 5.54 ಲಕ್ಷ. ಇಷ್ಟು ಜನರ ನಡುವೆ ಕನ್ನಡ, ಕೊಡವ ತಕ್ಕ್, ಅರೆಭಾಷೆ, ಯರವ, ಜೇನುಕುರುಬರ ನುಡಿ, ಮಲಯಾಳಂ, ತುಳು ಎಲ್ಲ ಇವೆ. ಅರ್ಜಿಯನ್ನು ಇಂಗ್ಲಿಷಿನಲ್ಲಿ, ಸಿನಾಪ್ಸಿಸ್ (ಕಥೆಯ ಸಾರ), ಟ್ರೀಟ್‌ಮೆಂಟ್ (ಕಥೆಯ ವಿವರವಾದ ರೂಪ), ನಿರ್ದೇಶಕರ ಟಿಪ್ಪಣಿ ಅಂತ ಕೇಳಿದರೆ ಬರುವವರು ಯಾರು ಅಂತ ಮೊದಲೇ ಗೊತ್ತು. ನಮ್ಮ ಚಿತ್ರರಂಗ ನಡೆಯುವುದೇ ನರೇಶನ್ ಮೇಲೆ. ಅರ್ಜಿಗೂ ಅದನ್ನೇ ಒಪ್ಪಿದರೆ ಆಯಿತು. ಹದಿನೈದು ನಿಮಿಷ ಫೋನಿನಲ್ಲಿ ತಮ್ಮ ಮಾತಿನಲ್ಲಿ ಕಥೆ ಹೇಳಿ ಆಡಿಯೋ ಕಳಿಸಲಿ. ಬರೆದು ರೂಢಿ ಇಲ್ಲದ ಯರವ ಹುಡುಗಿಗೂ ಆಗ ದಾರಿ ಇರುತ್ತದೆ. ಓದುವವರಲ್ಲಿ ಒಬ್ಬರು ಸಿನಿಮಾ ಬಲ್ಲವರು, ಇನ್ನೊಬ್ಬರು ಆ ನುಡಿ ಬಲ್ಲವರು ಇರಬೇಕು. ಮಡಿಕೇರಿಯಲ್ಲೇ ಕೊಡವ ಸಾಹಿತ್ಯ ಅಕಾಡೆಮಿ, ಅರೆಭಾಷೆ ಅಕಾಡೆಮಿ ಎರಡೂ ಇವೆ. ನುಡಿ ಬಲ್ಲವರಿಗೆ ಬರ ಇಲ್ಲ.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಸಂಬಳ. ಸಿದ್ದಾಪುರ ಕಡೆಯ ತೋಟವೊಂದರಲ್ಲಿ ಕೆಲಸ ಮಾಡುವ ಹೆಂಗಸೊಬ್ಬರು ನನಗೆ ಪರಿಚಯ. ಆನೆ ಲೈನ್ ಮನೆಯ ಗೋಡೆಗೆ ಒರಗಿ ನಿಂತ ರಾತ್ರಿಯನ್ನು ಅವರು ಹೇಳಿದರೆ ಕೇಳುವವರು ಉಸಿರಾಡುವುದನ್ನೇ ಮರೆಯುತ್ತಾರೆ. ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ತಗ್ಗಿಸಬೇಕು, ಎಲ್ಲ ಗೊತ್ತು ಅವರಿಗೆ. ಇಂಥ ಆರು ವಾರದ ಒಂದು ಶಿಬಿರ ಆದರೆ ಬರ್ತೀರಾ ಅಕ್ಕ ಅಂತ ಕೇಳಿದೆ. "ಆರು ವಾರ ನಾನು ಬಂದ್ರೆ ಇಲ್ಲಿ ನನ್ನ ಹಾಜರಿ ಯಾರು ಹಾಕ್ತಾರೆ ಅಣ್ಣ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಲೆಕ್ಕ ಹಾಕಿಯೇ ನೋಡೋಣ. ನಾಲ್ಕು ಜನ, ಆರು ವಾರ, ಅಂದರೆ 42 ದಿನ. ಊಟ, ವಸತಿಗೆ ತಲಾ ದಿನಕ್ಕೆ 1,500 ರೂಪಾಯಿ ಅಂತ ಇಟ್ಟುಕೊಂಡರೆ 2,52,000. ತಲಾ 40,000 ರೂಪಾಯಿ ಸಂಬಳ, ಒಟ್ಟು 1,60,000. ಓದುವವರ ಗೌರವಧನ, ಓಡಾಟಕ್ಕೆ ಒಂದು ಲಕ್ಷ. ಎಲ್ಲ ಸೇರಿ 5,12,000 ರೂಪಾಯಿ. ಸಾಧಾರಣ ಸಿನಿಮಾದ ಶೂಟಿಂಗ್ ದಿನಕ್ಕೆ ಲಕ್ಷಗಳಲ್ಲಿ ಖರ್ಚಾಗುವ ಕಾಲ ಇದು. ಎರಡು ಮೂರು ದಿನದ ಶೂಟಿಂಗ್ ದುಡ್ಡಿನಲ್ಲಿ ನಾಲ್ಕು ಚಿತ್ರಕಥೆ. ಹೋಂಸ್ಟೇ ನಡೆಸುವವರು ರೂಮನ್ನು ಅರ್ಧ ಬೆಲೆಗೆ ಕೊಟ್ಟರೆ ಇನ್ನೂ ಇಳಿಯುತ್ತದೆ. ಉಳಿದದ್ದನ್ನು ಕರ್ನಾಟಕ ಚಲನಚಿತ್ರ ಅಕಾಡೆಮಿ ಮತ್ತು ಮಡಿಕೇರಿಯ ಎರಡು ಅಕಾಡೆಮಿಗಳು ಹಂಚಿಕೊಂಡರೆ ಯಾರಿಗೂ ಭಾರವಲ್ಲ ಅನ್ನುವುದು ನನ್ನ ನಂಬಿಕೆ.

ನಾಲ್ಕರಲ್ಲಿ ಒಂದು ಜಾಗವನ್ನಾದರೂ ಮನೆಯಲ್ಲೇ ಇದ್ದು ಬರೆಯುವವರಿಗೆ ಇಡಬೇಕು. ಹಾಲು ಕುಡಿಯುವ ಮಗು ಇರುವವರು, ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳುವವರು ಬ್ಯಾಗು ಹಿಡಿದು ಹೊರಡಲಾರರು. ಅವರ ದಿನಗೂಲಿಯನ್ನು ತುಂಬಿಕೊಟ್ಟು, ಓದುವವರೇ ವಾರಕ್ಕೊಮ್ಮೆ ಅವರ ಮನೆಗೆ ಹೋಗಲಿ. ಬರೆಯಲು ಬಾರದವರ ಕಥೆಯನ್ನು ಕೇಳಿ ಬರೆದುಕೊಳ್ಳುವ ಒಬ್ಬರು ಜೊತೆಗಿರಲಿ, ಹೆಸರು ಮತ್ತು ಹಕ್ಕು ಹೇಳಿದವರದ್ದಾಗಿರಲಿ.

ಹಕ್ಕಿನ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಹುಡುಗರು ಇಲ್ಲೇ ಮೋಸ ಹೋಗುವುದು. ಬರೀ ಐಡಿಯಾಕ್ಕೆ ಕಾನೂನಿನ ರಕ್ಷಣೆ ಇಲ್ಲ. ಆರ್.ಜಿ. ಆನಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1978ರಲ್ಲೇ ಇದನ್ನು ಹೇಳಿದೆ. ರಕ್ಷಣೆ ಇರುವುದು ಬರೆದ ರೂಪಕ್ಕೆ. ಹಾಗಾಗಿ ನಾಲ್ಕು ಜನ ಒಂದೇ ಮೇಜಿನ ಸುತ್ತ ಕೂತು ಕಥೆ ಹಂಚಿಕೊಳ್ಳುವ ಮೊದಲು ಕಥೆ ಕಾಗದದ ಮೇಲೆ ಇರಬೇಕು. ಕಾಪಿರೈಟ್ ಕಚೇರಿಯಲ್ಲಿ ಸಾಹಿತ್ಯ ಕೃತಿಯ ನೋಂದಣಿಗೆ 500 ರೂಪಾಯಿ ಶುಲ್ಕ. ಮುಂಬೈನ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್‌ನಲ್ಲೂ ಸದಸ್ಯರಾಗಿ ಸ್ಕ್ರಿಪ್ಟ್ ನೋಂದಾಯಿಸಬಹುದು.

ರೆಸಿಡೆನ್ಸಿ ನಡೆಸುವವರು ಸಹಿ ಹಾಕಿಸುವ ಕಾಗದವನ್ನು ಎರಡು ಸಲ ಓದಿ. ಇಲ್ಲಿ ಬರೆದದ್ದರ ಮೊದಲ ಹಕ್ಕು ನಮ್ಮದು ಅಂತ ಒಂದು ಸಾಲು ಇದ್ದರೆ, ಎಷ್ಟು ದಿನಕ್ಕೆ, ಎಷ್ಟು ದುಡ್ಡಿಗೆ ಅಂತ ಕೇಳಿ. ಹಕ್ಕು ಬರೆದುಕೊಡುವ ಕರಾರಿನಲ್ಲಿ ಅವಧಿ ನಮೂದಿಸದಿದ್ದರೆ ಕಾನೂನು ಅದನ್ನು ಐದು ವರ್ಷ ಅಂತ ಹಿಡಿಯುತ್ತದೆ. ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ, ಕರಾರಿನಲ್ಲಿ ಬೇರೆ ಮಾತು ಇಲ್ಲದ ಪಕ್ಷದಲ್ಲಿ, ಹಕ್ಕು ಬರೆದವರಿಗೇ ಮರಳುತ್ತದೆ. 2012ರ ತಿದ್ದುಪಡಿಯ ನಂತರ, ಸಿನಿಮಾದಲ್ಲಿ ಸೇರಿದ ಸಾಹಿತ್ಯಕ್ಕೆ ಥಿಯೇಟರಿನ ಹೊರಗಿನ ಬಳಕೆಯಿಂದ ಬರುವ ರಾಯಲ್ಟಿ ಪಾಲನ್ನು ಬರೆದವರು ಬಿಟ್ಟುಕೊಡುತ್ತೇನೆ ಅಂದರೂ ಕಾನೂನು ಒಪ್ಪುವುದಿಲ್ಲ. ಇಷ್ಟು ಗೊತ್ತಿದ್ದರೆ ಅರ್ಧ ಧೈರ್ಯ ಬಂದ ಹಾಗೆ.

ಸಣ್ಣ ಊರಿನಲ್ಲಿ ಇಂಥದ್ದು ನಡೆಯುತ್ತದಾ ಅಂತ ಕೇಳುವವರು ಸಾಗರದ ಪಕ್ಕದ ಹೆಗ್ಗೋಡನ್ನು ನೋಡಲಿ. 1949ರಲ್ಲಿ ಹುಟ್ಟಿದ ನೀನಾಸಂ, ಕೆ.ವಿ. ಸುಬ್ಬಣ್ಣನವರ ಕಾಲದಲ್ಲಿ, 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆಯಿತು. ಅಡಿಕೆ ತೋಟದ ನಡುವೆ ಒಂದು ವರ್ಷ ಇದ್ದು ನಾಟಕ ಕಲಿತವರು ಇವತ್ತು ಇಡೀ ನಾಡಿನಲ್ಲಿದ್ದಾರೆ. ಕಾಫಿ ತೋಟದ ನಡುವೆ ಆರು ವಾರ ನಡೆಸುವುದು ಅದಕ್ಕಿಂತ ದೊಡ್ಡ ಕೆಲಸವೇನೂ ಅಲ್ಲ.

ಗೆಳೆಯ ಆ ಪೋಸ್ಟರಿಗೆ ಅರ್ಜಿ ಹಾಕಲಿಲ್ಲ. 500 ರೂಪಾಯಿ ಕಟ್ಟಿ ತನ್ನ ಮೊದಲ ಡ್ರಾಫ್ಟನ್ನು ನೋಂದಾಯಿಸಿದ. ಎರಡನೇ ಡ್ರಾಫ್ಟಿನಲ್ಲಿ ಈಗ 41ನೇ ಸೀನ್ ಬರೆಯುತ್ತಿದ್ದಾನೆ, ರಾತ್ರಿ ಒಂಬತ್ತಕ್ಕೆ ಶಟರ್ ಎಳೆದ ಮೇಲೆ, ಅಂಗಡಿಯ ಒಳಗೇ ಕೂತು. ಹಬ್ಬ ಮುಗಿಸಿಕೊಂಡು ಬಾ, ಓದಿ ಹೇಳುತ್ತೇನೆ ಅಂದಿದ್ದಾನೆ.